ಎರಡನೆಯ ಬಕೆಟ್

"ಡಾಕ್ಟ್ರೇ, ಭಾನುವಾರ ನಮ್ಮ ಸೊಸೆ ಸಿಪಾಯಿನ ಯಾರಿಗೋ ಕೊಟ್ಬಿಡ್ತಾಳಂತೆ. ಅದಕ್ಕೆ ತುರಿಕೆ ಹತ್ಸಿದ್ದು ಯಾರ ಕಿತಾಪತಿ ಅಂತ ನೀವೇ ಕಂಡುಹಿಡೀಬೇಕು."

ನಿವೃತ್ತ ರೈಲ್ವೆ ಗಾರ್ಡ್ ದನದ ಡಾಕ್ಟರ ಮುಂದೆ ಹೀಗೆ ಗೋಗರೆದರು. ಸಿಪಾಯಿ ಗಾರ್ಡ್ ಅವರ ಹೆಂಡತಿ ಸಾಕಿದ್ದ ನಾಯಿ. ಆಕೆ ತೀರಿಕೊಂಡ ಮೇಲೆ ಅದಕ್ಕೆ ತುರಿಕೆ ಹತ್ತಿತ್ತು. ಅಂಬೆಗಾಲಿಡುವ ಮೊಮ್ಮಗುವಿಗೆ ಕಜ್ಜಿ ಅಂಟೀತೆಂದು ಸೊಸೆಗೆ ದಿಗಿಲು.

ಆಗೆಲ್ಲ ದನದ ಡಾಕ್ಟರು ಮನೆಗೇ ಹೋಗುತ್ತಿದ್ದರು. ಅವರು ಸೈಕಲ್ ತುಳಿದರೆ, ಹಿಂದೆ ಔಷಧದ ಪೆಟ್ಟಿಗೆ ತಬ್ಬಿಕೊಂಡು ಅವರ ಕಾಂಪೌಂಡರ್ ಕೂರುತ್ತಿದ್ದ. ಆ ಸವಾರಿ ನೆನೆದರೆ ಅವನಿಗೆ ಈಗಲೂ ಕಣ್ಣು ತುಂಬುತ್ತದೆ.

ಗಾರ್ಡ್ ಅವರ ಮನೆ ಬಾಗಿಲು ತೆರೆದೊಡನೆ ಫಿನೈಲ್ ಘಾಟು ಮೂಗಿಗೆ ಹೊಡೆಯಿತು.

"ಅವಳು ಇದ್ದಾಗಿನ ಥರಾನೇ ಮನೆ ಇಟ್ಕೊಂಡಿದೀನಿ. ನೆಲ ನಾನೇ ಒರೆಸೋದು" ಎಂದರು ಗಾರ್ಡ್. "ಮಹಡಿ ಮನೆ ಬೆಕ್ಕಿಂದ ಚಿಗಟ ಬಂದಿದೆ, ಬರೆದಿಟ್ಕೊಳ್ಳಿ."

"ಬೆಕ್ಕಲ್ಲ, ನೀವು ತಿನ್ನಿಸೋ ಬಿಸ್ಕತ್ತಿಂದ ಮಾವ" ಎಂದಳು ಸೊಸೆ.

ಡಾಕ್ಟರು ಹಜಾರದ ಮೂಲೆಗೆ ಹೋದರು. ಸಿಪಾಯಿ ಆ ಸೆಕೆಯಲ್ಲೂ ಗೋಣಿಚೀಲದ ಮೇಲೆ ಮುದುಡಿತ್ತು. ಅಂಗಾತ ಮಲಗಿಸಿ ನೋಡಿದರೆ ಹೊಟ್ಟೆ, ಕಂಕುಳು, ಬೆರಳ ಸಂದುಗಳೆಲ್ಲ ಕೆಂಪು. ಬೆನ್ನು, ಬಾಲದ ಬುಡ, ಕಿವಿ ಮಾತ್ರ ಸ್ವಚ್ಛ. ಚರ್ಮ ಒಂದಿಷ್ಟು ಕೆರೆದು ಭೂತಗನ್ನಡಿಯಲ್ಲಿ ಪರೀಕ್ಷಿಸಿದರು. ಒದ್ದೆ ಹತ್ತಿಯಿಂದ ನೆಲ ಉಜ್ಜಿ ಮೂಸಿದರು. ಹಿತ್ತಿಲಲ್ಲಿ ನೆಲ ಒರೆಸುವ ನೀಲಿ ಬಕೆಟ್ ಇತ್ತು. ಅದರ ಜೋಡಿ ಬಕೆಟ್ಟಿನಲ್ಲಿ ಗುಲಾಬಿ ಗಿಡ.

"ಎರಡು ಬಕೆಟ್ ಯಾಕೆ ದಂಡ ಅಂತ ನಾನೇ ನೆಟ್ಟೆ" ಎಂದರು ಗಾರ್ಡ್.

ಡಾಕ್ಟರು ಎಲ್ಲರನ್ನೂ ಹಜಾರದಲ್ಲಿ ಕೂರಿಸಿದರು.

"ಬೆಕ್ಕು ನಿರಪರಾಧಿ. ಚಿಗಟ ಆಗಿದ್ರೆ ಬಾಲದ ಬುಡ ಕೆರ್ಕೊಳ್ತಿತ್ತು. ಬಿಸ್ಕತ್ತಾದ್ರೆ ಸಾಮಾನ್ಯವಾಗಿ ಕಿವಿನೂ ಕೆಂಪಾಗ್ತಿತ್ತು. ಕಜ್ಜಿ ಹುಳಾನೂ ಇಲ್ಲ, ಮಗೂಗೆ ಅಂಟಲ್ಲ. ನೆಲ ತಾಗೋ ಕಡೆ ಮಾತ್ರ ಕೆಂಪು. ಅದಕ್ಕೇ ಇದು ಗೋಣಿಚೀಲ ಬಿಡಲ್ಲ. ಅಮ್ಮಾ, ನಿಮ್ಮತ್ತೆ ಆ ಎರಡನೇ ಬಕೆಟ್ಟಲ್ಲಿ ಏನಿಡ್ತಿದ್ರು?"

"ಬರೀ ನೀರು. ಫಿನೈಲ್ ಹಾಕಿದ್ಮೇಲೆ ಅದರಲ್ಲಿ ಇನ್ನೊಂದ್ಸಲ ಒರೆಸ್ತಿದ್ರು."

"ಅದು ನಿಮ್ಮ ಮಾವನಿಗೆ ಗೊತ್ತಾಗ್ಲಿಲ್ಲ. ನೆಲದಲ್ಲೇ ಉಳಿದ ಫಿನೈಲ್ ಇದರ ಚರ್ಮ ಸುಡ್ತಿದೆ. ಈಗ ಫಿನೈಲ್ ಪೂರ್ತಿ ನಿಲ್ಲಿಸಿ. ನೆಲಕ್ಕೆ ಬರೀ ನೀರು. ಸಿಪಾಯಿ ಕಾಲು, ಹೊಟ್ಟೆ ತಣ್ಣೀರಲ್ಲಿ ತೊಳೆದು ಒಣಗಿಸಿ. ಹದಿನೈದು ದಿನ ಬಿಟ್ಟು ನೋಡೋಣ."

ಗಾರ್ಡ್ ತಲೆ ತಗ್ಗಿಸಿದರು. "ಅವಳಿದ್ದಾಗ ಮನೇಲಿ ಬರ್ತಿದ್ದ ವಾಸನೆ ಈ ಫಿನೈಲಿಂದೇ ಅಂದ್ಕೊಂಡೆ ಡಾಕ್ಟ್ರೇ. ಎಷ್ಟು ಹಾಕಿದ್ರೂ ಆ ವಾಸನೆ ಬರ್ಲಿಲ್ಲ ಅಂತ ಜಾಸ್ತಿ ಜಾಸ್ತಿ ಹಾಕ್ತಾ ಬಂದೆ."

ಸೊಸೆ ಅವರ ಪಕ್ಕ ಬಂದು ಕೂತಳು. "ಅತ್ತೆ ಇದ್ದಾಗ ನೆಲ ಏನೂ ವಾಸನೆ ಬರ್ತಿರ್ಲಿಲ್ಲ ಮಾವ. ಅದು ಇದ್ದಿದ್ದು ಅವರ ಕೈಯಲ್ಲಿ."

ಗಾರ್ಡ್ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿಕೊಂಡರು. ಆಮೇಲೆ ಎದ್ದು, ಗುಲಾಬಿಯನ್ನು ಹಿತ್ತಿಲ ಮಣ್ಣಿಗೆ ನೆಟ್ಟು, ಬಕೆಟ್ ತೊಳೆದು ನೀರು ತುಂಬಿಸಿದರು.

ಮುಂದಿನ ಭೇಟಿಗೆ ಹೋದಾಗ ಮೂಲೆಯ ಗೋಣಿಚೀಲ ಖಾಲಿಯಿತ್ತು. ಸಿಪಾಯಿ ಹಜಾರದ ತಣ್ಣನೆಯ ನೆಲಕ್ಕೆ ಹೊಟ್ಟೆ ಒತ್ತಿ ನಿದ್ದೆ ಹೋಗಿತ್ತು.