ಇಳಿಯುವುದು ಪಾಯಸವೊಂದೇ

ಆಪರೇಷನ್ ಮುಗಿಸಿಕೊಂಡು ಬಂದ ಸಮರ್ಥನಿಗೆ ಮೊದಲು ಗಂಜಿ ತಂದುಕೊಟ್ಟವಳು ಸುಪ್ರಜಾ. ಬಸವನಗುಡಿಯ ಆ ಮನೆಯ ಮಹಡಿಯಲ್ಲಿ ಅವಳೊಬ್ಬಳೇ ಬಾಡಿಗೆಗಿದ್ದಳು. ಕೆಳಗೆ ಸಮರ್ಥ ಮತ್ತು ಅವನ ಸೋದರತ್ತೆ ತುಳಸಮ್ಮ. ಮೆಟ್ಟಿಲ ಬಳಿ ಎದುರಾದಾಗಲೆಲ್ಲ ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಎಷ್ಟು ಅಂಟಿಕೊಂಡರೂ ದಾರಿ ಸಾಲುತ್ತಿರಲಿಲ್ಲ. ಅವಳು ನಕ್ಕರೆ, ಕಾಲೇಜಿನಲ್ಲಿ ಗಣಿತ ಕಲಿಸುವ ಆ ಭಾರೀ ಆಳು ಕಿವಿಯವರೆಗೂ ಕೆಂಪಾಗುತ್ತಿದ್ದ.

"ಹೊಟ್ಟೆ ಒಳಗೆ ಅದೇನು ಹಾಕಿದಾರೆ?" ಎಂದು ಕೇಳಿದಳು ಸುಪ್ರಜಾ. ಆಗಿನ್ನೂ ತೂಕ ಇಳಿಸುವ ಇಂಥ ಆಪರೇಷನ್ ಎಲ್ಲರಿಗೂ ಹೊಸದು.

"ಒಂದು ಪಟ್ಟಿ. ಹೊಟ್ಟೆ ಕೊಯ್ಯಲ್ಲ, ಸಣ್ಣ ಸಣ್ಣ ತೂತು ಮಾಡಿ ಒಳಗೆ ಬಿಡ್ತಾರೆ. ಜಠರದ ಮೇಲ್ಗಡೆ ಬೆಲ್ಟ್ ಥರ ಬಿಗಿದಿರುತ್ತೆ. ನಾಲ್ಕು ತುತ್ತಿಗೇ ಸಾಕು ಅನ್ಸುತ್ತೆ."

"ನಮ್ಮ ಬ್ಯಾಂಕ್ ಮ್ಯಾನೇಜರ್ ಬಾಯಿಗೂ ಒಂದು ಹಾಕ್ತಾರಾ ಕೇಳಿ."

ಅವನು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ಹೊಲಿಗೆ ಇನ್ನೂ ನೋಯುತ್ತಿತ್ತು.

ಅವನ ತಂದೆ ಇದೇ ಮೈಕಟ್ಟಿನಲ್ಲಿ, ನಲವತ್ತು ದಾಟುವ ಮೊದಲೇ, ನಿದ್ದೆಯಲ್ಲಿ ಉಸಿರು ಕಟ್ಟಿ ಹೋಗಿದ್ದರು. ಸಮರ್ಥನಿಗೆ ಈಗ ಮೂವತ್ತೆಂಟು. ಬದುಕಬೇಕು ಎಂಬ ಒಂದೇ ಆಸೆಗೆ ಅವನು ಆಪರೇಷನ್ನಿಗೆ ಒಪ್ಪಿದ್ದ.

ಮೊದಲ ವಾರಗಳಲ್ಲಿ ಗಂಜಿ, ತಿಳಿಸಾರು ಮಾತ್ರ. ಆಮೇಲೆ ಮೆತ್ತಗಿನ ಅನ್ನ ಶುರುವಾದರೂ ಸುಪ್ರಜಾಳ ಲೋಟ ನಿಲ್ಲಲಿಲ್ಲ. ಗಂಜಿಯ ಜಾಗಕ್ಕೆ ಹೆಸರುಬೇಳೆ ಪಾಯಸ ಬಂತು, ಅದರ ಹಿಂದೆ ಬಾದಾಮಿ ಹಾಲು, ಹಬ್ಬವಿಲ್ಲದಿದ್ದರೂ ಗಸಗಸೆ ಪಾಯಸ. ಇಡ್ಲಿಯ ಚೂರನ್ನು ತಡೆದು ನಿಲ್ಲಿಸುವ ಪಟ್ಟಿ ಪಾಯಸದ ಮುಂದೆ ಸೋತುಬಿಡುತ್ತದೆ. ಅವನು ಲೋಟದ ಅಂಚಿನ ಮೇಲಿಂದ ಅವಳನ್ನು ನೋಡುತ್ತ ನಿಧಾನಕ್ಕೆ ಕುಡಿಯುತ್ತಿದ್ದ. ಅವಳು ಕಿಟಕಿ ನೋಡುವ ನೆಪದಲ್ಲಿ ಅವನನ್ನೇ ನೋಡುತ್ತಿದ್ದಳು. ಬ್ಯಾಂಕಿನಲ್ಲಿ ದಿನವಿಡೀ ಅವಳು ಕಾಯುತ್ತಿದ್ದದ್ದು ಆ ಸಂಜೆಯ ಹೊತ್ತಿಗಾಗಿ.

ಇಳಿಯುತ್ತಿದ್ದ ತೂಕ ನಿಂತಿತು, ಮತ್ತೆ ಏರತೊಡಗಿತು. ಒಂದು ಬೆಳಿಗ್ಗೆ ತುಳಸಮ್ಮ ಮಂಡಿ ಹಿಡಿದುಕೊಂಡು ಮಹಡಿ ಹತ್ತಿ ಬಂದರು.

"ಸಿಹಿ ಏನಾದ್ರೂ ಕುಡೀತೀರಾ ಅಂತ ಡಾಕ್ಟರು ಕೇಳಿದ್ರಮ್ಮ. ಇವನು ಇಲ್ಲ ಅಂದ. ರಾತ್ರಿ ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತ್ಹೋಗುತ್ತೆ. ಮತ್ತೆ ಶುರುವಾಗೋವರೆಗೂ ನಾನು ಎದ್ದು ಕೂತಿರ್ತೀನಿ. ನಮ್ಮಣ್ಣಂಗೂ ಹಿಂಗೇ ಆಗ್ತಿತ್ತು."

ಅಷ್ಟು ಹೇಳಿ ಇಳಿದುಹೋದರು. ಬೈದಿದ್ದರೆ ಸುಪ್ರಜಾ ತಡೆದುಕೊಳ್ಳುತ್ತಿದ್ದಳು.

ಆ ಸಂಜೆ ಅವಳು ಬರಿಗೈಯಲ್ಲಿ ಹೋಗಿ ಅವನೆದುರು ಕೂತಳು.

"ಪ್ರೀತಿಗೆ ಪಾಯಸ ಕೊಟ್ಟೆ ಅಂದ್ಕೊಂಡಿದೀರಾ? ಪ್ರೀತಿನೇ. ಆದ್ರೆ ನೀವು ಸಣ್ಣಗಾಗೋದು ನಂಗೆ ಬೇಡವಾಗಿತ್ತು. ಎಷ್ಟು ಜನ ಗಂಡಿನ ಕಡೆಯೋರು ಬಂದು, ಉಪ್ಪಿಟ್ಟು ತಿಂದು, ನನ್ನ ನೋಡಿ ಎದ್ದುಹೋಗಿದಾರೆ ಗೊತ್ತಾ? ಸಣ್ಣಗಾದ್ರೆ ನಿಮಗೆ ಹೆಣ್ಣು ಕೊಡೋರು ಸಾಲಾಗಿ ನಿಲ್ತಾರೆ. ಆಮೇಲೆ ನೀವು ನನ್ನ ಕಡೆ ಯಾಕೆ ತಿರುಗಿ ನೋಡ್ತೀರಾ? ಪಾಯಸ ಸಲೀಸಾಗಿ ಇಳಿಯುತ್ತೆ ಅಂತ ಗೊತ್ತಿದ್ದೇ ಕೊಟ್ಟೆ."

ಸಮರ್ಥ ತಲೆ ತಗ್ಗಿಸಿದ. "ನಂಗೂ ಗೊತ್ತಿತ್ತು. ಡಾಕ್ಟರು ಮೊದಲೇ ಹೇಳಿದ್ರು, ಅಂಥದ್ದನ್ನ ಮುಟ್ಬೇಡಿ ಅಂತ."

"ಮತ್ಯಾಕೆ ಕುಡಿದ್ರಿ?"

"ಬೇಡ ಅಂದ್ರೆ ನೀವು ಬರೋದು ನಿಂತ್ಹೋಗುತ್ತಲ್ಲ."

ಅವಳ ಕಣ್ಣು ತುಂಬಿತು.

"ಮದುವೆ ಆಗೋಣ ಸುಪ್ರಜಾ," ಎಂದ ಅವನು. "ಏನೂ ತರೋದು ಬೇಡ. ನೀವು ಬಂದ್ರೆ ಸಾಕು."

ಎಷ್ಟೋ ವರ್ಷದಿಂದ ಕಾದಿದ್ದ ಮಾತು. ಕೇಳಿ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು.

"ಈಗ ಆಗಲ್ಲ. ನಾಳೆ ಯಾರೋ ನಿಮ್ಮ ಜೊತೆ ನಗ್ತಾ ಮಾತಾಡಿದ್ರೆ ನಾನು ಮತ್ತೆ ಒಲೆ ಹಚ್ತೀನಿ. ನೀವು ಮತ್ತೆ ಕುಡೀತೀರ. ನನ್ನ ಎದುರಿಗೆ ಬೇಡ ಅಂತೀರಾ, ಹೇಳಿ?"

ಹೂಂ ಎನ್ನಲು ಅವನು ಬಾಯಿ ತೆರೆದ. ಆದರೆ ಅವಳಿಗೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಮಲ್ಲೇಶ್ವರದ ಅಕ್ಕನ ಮನೆಗೆ ಹೋಗಿರ್ತೀನಿ. ನೀವು ಸಣ್ಣಗಾಗಿ. ಆಮೇಲೂ ನಾನೇ ಬೇಕು ಅನ್ಸಿದ್ರೆ ಬನ್ನಿ."

"ಅಷ್ಟರಲ್ಲಿ ನೀವು ಬೇರೆ ಯಾರನ್ನಾದ್ರೂ..."

"ನಾನೆಲ್ಲಿಗೂ ಹೋಗಲ್ಲ," ಎಂದಳು. ಅವನು ಮೊದಲ ಸಲ ಅವಳ ಕೈ ಹಿಡಿದ. ಬಿಡಿಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ಭಾನುವಾರ ಅವಳ ಸಾಮಾನು ಟೆಂಪೋ ಹತ್ತಿತು. ಗೇಟಿನ ತನಕ ಬರುವಷ್ಟರಲ್ಲೇ ಸಮರ್ಥನಿಗೆ ಏದುಸಿರು ಬಂದಿತ್ತು. ಸುಪ್ರಜಾ ಆಟೋದಲ್ಲಿ ಕೂತು ಅವನನ್ನು ಕಣ್ತುಂಬ ನೋಡಿದಳು. ಆ ತುಂಬುಗೆನ್ನೆ, ಗುಂಡಿ ಕಿತ್ತುಬರುವಂತೆ ಬಿಗಿದ ಅಂಗಿ, ಬೆವರಿದ ಕತ್ತು. ತಾನು ಪ್ರೀತಿಸಿದ್ದು ಈ ಮೈಯನ್ನೇ. ಇದು ಬೇಗ ಕರಗಿಹೋಗಲಿ ಎಂದು ದೇವರಲ್ಲಿ ಬೇಡಿಕೊಂಡಳು. ಇನ್ನು ಅವನು ದಿನದಿಂದ ದಿನಕ್ಕೆ ಸಣ್ಣಗಾಗುವುದನ್ನು ಬಸವನಗುಡಿಯವರೆಲ್ಲ ನೋಡುತ್ತಾರೆ, ಅವಳೊಬ್ಬಳನ್ನು ಬಿಟ್ಟು.