ಎರಡು ಪದರಗಳ ನಡುವೆ

ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದವನು ಕೇಬಲ್ ಜೋಡಿಸುವ ಮೇಸ್ತ್ರಿ. ಹಿಂದಿನ ದಿನ ಕಾರ್ಖಾನೆಯ ಸ್ವಿಚ್ ಕೋಣೆಯಲ್ಲಿ ಕೇಬಲ್ ಜಾಯಿಂಟ್ ಸಿಡಿದು ಅವನ ತಮ್ಮ ಸತ್ತಿದ್ದ. ತನಿಖೆ ಆಗಲೇಬೇಕು ಎಂದು ದೂರು ಕೊಟ್ಟ. ಯಾರ ಮೇಲೆ ಅನುಮಾನ ಎಂಬ ಜಾಗ ಖಾಲಿ ಬಿಟ್ಟು ಸಹಿ ಹಾಕಿದ. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಪೇದೆಯನ್ನು ಕರೆದುಕೊಂಡು ಹೊರಟರು.

ಕೋಣೆಯ ಗೋಡೆ ಮಸಿ ಹಿಡಿದಿತ್ತು. ಪಂಚರಾಗಿ ಕರೆಸಿದ್ದ ಇಬ್ಬರು ಕೆಲಸಗಾರರು ಹೊಸ್ತಿಲು ದಾಟಲು ಹಿಂದೆಮುಂದೆ ನೋಡಿದರು. ತಿಂಗಳಿಂದ ಒಳಗೆ ಯಾರೋ ಪಿಸುಗುಡುತ್ತಿದ್ದರಂತೆ. ಆ ದೆವ್ವಕ್ಕೂ ಸಂಬಳ ಕೊಡಬೇಕು, ಒಂದು ದಿನ ರಜೆ ಹಾಕಿಲ್ಲ ಎಂದು ಸತ್ತವನೇ ನಗಾಡುತ್ತಿದ್ದನಂತೆ. ಪಂಚನಾಮೆ ಬರೆಯುತ್ತಿದ್ದ ಪೇದೆಯ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ‘ಬರಿ’ ಎಂದರು.

ಸಿಡಿದು ಉಳಿದ ಜಾಯಿಂಟಿನ ತುಂಡನ್ನು ವಿದ್ಯುತ್ ಪರಿವೀಕ್ಷಕಿ ಮೇಜಿನ ಮೇಲೆ ಬಿಡಿಸಿ ತೋರಿಸಿದರು. ತಂತಿಯ ಮೇಲಿನ ಪ್ಲಾಸ್ಟಿಕ್ ಪದರ ಒಂದು, ಅದನ್ನು ಬಿಗಿಯಾಗಿ ಅಪ್ಪಿ ಕೂರುವ ರಬ್ಬರ್ ಕೊಳವೆ ಇನ್ನೊಂದು. ಎರಡರ ತಯಾರಿಯಲ್ಲೂ ದೋಷವಿರಲಿಲ್ಲ. ಅವು ಕೂಡುವ ಜಾಗದಲ್ಲಿ ಮಾತ್ರ ಬೇರು ಹರಡಿದಂತೆ ಸುಟ್ಟ ಗೆರೆಗಳಿದ್ದವು. ಎಲ್ಲವೂ ಹೊರಟಿದ್ದು ಜೋಡಿಸುವ ಮುನ್ನ ಪದರ ಸುಲಿಯುವಾಗ ಬಿದ್ದ ಚಾಕುವಿನ ಒಂದು ಗೀರಿನಿಂದ. ಗೀರಿನಲ್ಲಿ ಸಿಕ್ಕಿಕೊಂಡ ಚೂರು ಗಾಳಿಯಲ್ಲಿ ಕಿಡಿ ಹುಟ್ಟಿ, ದಿನದಿನಕ್ಕೂ ದಾರಿ ಕೊರೆದು, ಕೊನೆಗೆ ಸಿಡಿದಿತ್ತು. ಜನ ಕೇಳಿದ ಪಿಸುಪಿಸು ಸದ್ದು ಆ ಕಿಡಿಯದೇ ಎಂದರು. ಆಗಲೇ ಬಿಚ್ಚಿ ನೋಡಿದ್ದರೆ ಎಂದು ಇನ್ಸ್‌ಪೆಕ್ಟರ್ ಕೇಳಿದರು.

‘ಬದುಕ್ತಿದ್ದ.’

ಸತ್ತವನ ಹೆಂಡತಿ ಹೇಳಿಕೆ ಕೊಟ್ಟಳು. ಊಟಕ್ಕೆ ಕೂತಾಗ ಗಂಡ ಆ ಸದ್ದಿನ ವಿಷಯ ಅಣ್ಣನ ಹತ್ತಿರ ಎತ್ತಿದ್ದ. ಅಣ್ಣ ಅವನನ್ನು ಪುಕ್ಕಲ ಎಂದು ಬೈದು ಬಾಯಿ ಮುಚ್ಚಿಸಿದ್ದ. ಜಾಯಿಂಟ್ ಮಾಡಿದ್ದು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನು ಕರೆಸಿದರು.

‘ಜಾಯಿಂಟ್ ನಿಂದೇನಾ?’

‘ಹೌದು ಸರ್.’

‘ಗೀರು ಬಿದ್ದಿದ್ದು ಗೊತ್ತಿತ್ತಾ?’

‘ಆಗಲೇ ಗೊತ್ತಾಯ್ತು. ಉಜ್ಜಿ ನುಣುಪು ಮಾಡ್ಬೇಕಿತ್ತು. ಉಜ್ಜೋಕೂ ಕೈ ನಿಲ್ಲಲಿಲ್ಲ.’

‘ಮತ್ತೆ ದೂರು ಯಾಕೆ ಕೊಟ್ಟೆ?’

‘ಕೊಡದಿದ್ರೆ ನನ್ನನ್ನ ಯಾರೂ ಕೇಳ್ತಾನೇ ಇರಲಿಲ್ಲ ಸರ್.’

ಮೇಜಿನ ಮೇಲಿಟ್ಟ ಅವನ ಬಲಗೈ ನಡುಗುತ್ತಲೇ ಇತ್ತು. ವರ್ಷದಿಂದ ಹೀಗೇ ಅಂತೆ. ಗೊತ್ತಾದರೆ ಚಾಕು ಕಿತ್ತುಕೊಂಡು ಗೇಟಿನ ಬಳಿ ಕಾವಲಿಗೆ ಕೂರಿಸುತ್ತಾರೆಂದು ಮುಚ್ಚಿಟ್ಟಿದ್ದ. ಕೆಲಸ ಕಲಿತ ಕೈ ಒಂದನ್ನು ಬಿಟ್ಟರೆ ತನ್ನದು ಅನ್ನುವಂಥದ್ದು ಅವನಿಗೆ ಬೇರೇನೂ ಇರಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಸಂಜೆ ಬಂಧಿಸಿದರು. ಬಂಧನದ ಸುದ್ದಿ ತಿಳಿಸಿದ್ದಕ್ಕೆ ಹತ್ತಿರದ ಸಂಬಂಧಿಯ ಸಹಿ ಬೇಕಿತ್ತು. ಅವನಿಗೆ ಉಳಿದಿದ್ದವಳು ತಮ್ಮನ ಹೆಂಡತಿ ಒಬ್ಬಳೇ. ಅವಳು ಬಂದು ಪೆನ್ನು ಕೈಗೆ ತೆಗೆದುಕೊಂಡು ಒಂದೇ ಮಾತು ಕೇಳಿದಳು.

‘ಭಾವ, ಅವರು ಹೇಳಿದಾಗ ನೀವು ನಂಬಲಿಲ್ವಾ?’

‘ನಂಬಿದ್ದೆ ಕಣಮ್ಮ,’ ಎಂದ. ‘ಅದಕ್ಕೇ ಬೈದೆ.’

ಅವಳು ಸಹಿ ಹಾಕಿದಳು.