ಕಿಟಕಿಯಿಲ್ಲದ ಕೋಣೆಯಲ್ಲಿ ಬಿದ್ದ ಏಟು

ಹಂಸ ಆಗ ಐದನೇ ಕ್ಲಾಸು. ಕೆ.ಆರ್. ಪುರದ ಮನೆಯ ಹಿತ್ತಲಲ್ಲಿ ಅಮ್ಮ ಅಣ್ಣಮ್ಮ ನಲ್ಲಿಯ ಕೆಳಗೆ ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದಳು. ನೀರು ಕೆಂಪಗೆ ಹರಿದು ಕನಕಾಂಬರದ ಬುಡಕ್ಕೆ ಹೋಗುತ್ತಿತ್ತು. ಒಳಗೆ ಅಪ್ಪ ಮುನಿಆಂಜನಪ್ಪ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಬೀಡಿ ಹಚ್ಚಿಕೊಂಡು ಕೂತಿದ್ದ.

"ಇಲ್ಲಿ ಬಾ," ಅಂದಳು ಅಮ್ಮ. ಒದ್ದೆ ಕೈಯನ್ನೇ ಚಾಚಿದಳು. "ನಿನ್ನ ಮೇಲೆ ಕೈ ಎತ್ತಿದ ಗಂಡಸಿನ ಸೂರಿನ ಕೆಳಗೆ ಒಂದು ರಾತ್ರಿನೂ ಮಲಗಲ್ಲ ಅಂತ ಭಾಷೆ ಕೊಡು. ಅವನು ಯಾರೇ ಆಗಿರ್ಲಿ. ಯಾಕೆ ಹೊಡೆದೆ ಅಂತ ಕೇಳೋಕೂ ಹೋಗ್ಬೇಡ. ಕಾರಣ ಎಲ್ಲರ ಹತ್ರನೂ ಇರುತ್ತೆ."

"ಮತ್ತೆ ನೀನ್ಯಾಕೆ ಇಲ್ಲೇ ಮಲಗ್ತೀಯ?"

ಅಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಂಸ ಅದರ ಮೇಲೆ ತನ್ನ ಪುಟ್ಟ ಕೈ ಇಟ್ಟಳು.

ಮುಂದೆ ಅಪ್ಪ ಬೀಡಿಗೆ ಶ್ವಾಸಕೋಶ ಸುಟ್ಟುಕೊಂಡು ಸತ್ತ. ಹೊಡೆಯುತ್ತಿದ್ದ ಅದೇ ಕೈ ಕೊನೆಗೆ ಉಸಿರು ಸಾಲದೆ ಮಂಚದ ಕಂಬಿಯನ್ನು ಹಿಡಿದುಕೊಂಡದ್ದನ್ನು ನೋಡಿದ ಮೇಲೇ ಹಂಸ ಶ್ವಾಸಕೋಶದ ಸಂಶೋಧನೆಯ ಹಾದಿ ಹಿಡಿದದ್ದು. ಅಪ್ಪನ ಜಾಗಕ್ಕೆ ಅಣ್ಣ ಮುನೀಂದ್ರ ಬಂದ. ತಟ್ಟೆ ಎಸೆಯುತ್ತಿದ್ದ, ಬಾಗಿಲು ಒದೆಯುತ್ತಿದ್ದ, ಅಮ್ಮನ ಮೇಲೆ ಕೂಗಾಡುತ್ತಿದ್ದ. ಹಂಸಳ ಮೇಲೆ ಮಾತ್ರ ಕೈ ಎತ್ತಿರಲಿಲ್ಲ.

ಮೊದಲು ಕೈ ಎತ್ತಿದವನು ಸುಗತ.

ಯಾರಿಗೂ ಹೇಳದೆ ಅವಳು ಪ್ರೀತಿಸತೊಡಗಿದ್ದ ಸುಗತ...

* * *

ಇಂದಿರಾನಗರದ ನೂರಡಿ ರಸ್ತೆಯ ಹಿಂದುಗಡೆ, ಹಳೇ ಬಂಗಲೆಯೊಂದರಲ್ಲಿ ಅವರಿಬ್ಬರೂ ಕೆಲಸ ಮಾಡುತ್ತಿದ್ದ ಲ್ಯಾಬು. ಮನುಷ್ಯನ ಶ್ವಾಸಕೋಶದ ಜೀವಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಬೆಳೆಸುತ್ತಿದ್ದರು. ಕೆಲವು ತಟ್ಟೆಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ನೈಟ್ರೋಜನ್ ಬಿಟ್ಟು, ಒಳಗಿನ ಆಮ್ಲಜನಕ ಕಡಿಮೆ ಮಾಡುತ್ತಿದ್ದರು. ಕೆಲವಕ್ಕೆ ಸಿಗರೇಟಿನ ಹೊಗೆ ಕುಡಿಸುತ್ತಿದ್ದರು. ಪಂಪಿಗೆ ಸಿಗರೇಟು ಸಿಕ್ಕಿಸಿದರೆ ಸಾಕು, ಅದೇ ದಮ್ಮು ಎಳೆದು ಹೊಗೆಯನ್ನು ದ್ರವದೊಳಕ್ಕೆ ಗುಳುಗುಳು ಬಿಡುತ್ತಿತ್ತು.

ಆಮ್ಲಜನಕ ಸಾಲದಾದಾಗ ಜೀವಕೋಶ ತನ್ನೊಳಗೆ ಒಂದು ಪ್ರೋಟೀನನ್ನು ಕೂಡಿಹಾಕಿಕೊಳ್ಳುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹಸಿರಾಗಿ ಹೊಳೆಯುತ್ತದೆ. ಹೊಗೆ ಕುಡಿದ ಜೀವಕೋಶವೂ ಹಾಗೆ ಹೊಳೆಯುತ್ತದೋ, ಇಲ್ಲ ಸುಮ್ಮನಾಗಿಬಿಡುತ್ತದೋ? ಹಂಸ ಹುಡುಕುತ್ತಿದ್ದದ್ದು ಇದನ್ನೇ.

ಲ್ಯಾಬಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಹಲಸೂರಿನ ಸುಗತ. ಮಾತು ಕಡಿಮೆ. ಹೊಗೆಯ ಕೆಲಸವಿದ್ದ ದಿನ ತನ್ನ ಕೋಟು ತಂದು ಅವಳ ಕುರ್ಚಿಯ ಮೇಲೆ ಹಾಕಿ ಹೋಗುತ್ತಿದ್ದ.

"ಸಿಗರೇಟ್ ವಾಸನೆಗೆ ನಿಮ್ಮಣ್ಣ ಗಲಾಟೆ ಮಾಡ್ತಾರೆ ಅಂದ್ರಲ್ಲ, ಇದನ್ನ ಹಾಕ್ಕೊಳ್ಳಿ. ನಮ್ಮನೇಲಿ ನನ್ನನ್ನ ಯಾರೂ ಮೂಸಿ ನೋಡಲ್ಲ."

'ಇವನು ಕೈ ಎತ್ತೋ ಜಾತಿಯವನಲ್ಲ' ಅಂತ ಹಂಸ ಎಷ್ಟು ಸಲ ಅಂದುಕೊಂಡಿದ್ದಳೋ!

ಆ ಮಧ್ಯಾಹ್ನ ಅವಳು ಕಿಟಕಿಯಿಲ್ಲದ ಒಳಕೋಣೆಯಲ್ಲಿದ್ದಳು. ಜೀವಕೋಶಗಳನ್ನು ಆ ಗಳಿಗೆಯಲ್ಲಿದ್ದ ಹಾಗೇ ಹಿಡಿದು ನಿಲ್ಲಿಸುವ ದ್ರಾವಣವನ್ನು ಒಂದೊಂದೇ ತಟ್ಟೆಗೆ ಹಾಕುತ್ತಿದ್ದಳು. ಪೆಟ್ಟಿಗೆಯೊಳಗೆ ಉಸಿರು ಕಟ್ಟಿಸಿಕೊಂಡವು ಮುಗಿದವು. ಹೋಲಿಸಿ ನೋಡಲೆಂದು ಹೊರಗಿನ ಗಾಳಿಯಲ್ಲೇ, ಮೇಜಿನ ಮೇಲೆ ಬಿಟ್ಟಿದ್ದ ತಟ್ಟೆಗಳ ಸರದಿ. ತಲೆ ಹಗುರವಾಗಿತ್ತು. ಯಾಕೋ ನಗು ಬರುತ್ತಿತ್ತು. ಎಷ್ಟೋ ದಿನದ ಮೇಲೆ ಮನಸ್ಸು ಖುಷಿಯಾಗಿದೆ ಅನ್ನಿಸಿತು.

ಬಾಗಿಲು ಧಡಾರನೆ ತೆರೆಯಿತು.

"ಹೊರಗೆ ಬನ್ನಿ!" ಸುಗತ ಕಿರುಚಿದ.

"ಇರ್ರೀ, ಕೊನೇ ತಟ್ಟೆ..." ಹಂಸ ನಕ್ಕಳು. ದ್ರಾವಣ ಸುರಿದಳು. ಅವನು ತೋಳು ಹಿಡಿದೆಳೆದ. ಅವಳು ಮೇಜಿನ ಅಂಚನ್ನು ಬಿಗಿಯಾಗಿ ತಬ್ಬಿಕೊಂಡಳು.

ಫಟೀರನೆ ಕೆನ್ನೆಗೆ ಬಿತ್ತು ಏಟು. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಅವಳ ಹಿಡಿತ ತಪ್ಪಿದ್ದೇ ತಡ, ಜಡೆಗೆ ಕೈ ಹಾಕಿ ಹೊಸ್ತಿಲಾಚೆ ದರದರ ಎಳೆದುಕೊಂಡು ಬಂದು ಹಜಾರದಲ್ಲಿ ಕೆಡವಿದ. ಮೊಣಕಾಲು ತರಚಿ ರಕ್ತ ಬಂತು. ಅವನು ಮತ್ತೆ ಒಳಗೆ ಓಡಿ ಸಿಲಿಂಡರ್ ತಿರುಗಿಸಿ ನಿಲ್ಲಿಸಿ ಬಂದ.

"ನೈಟ್ರೋಜನ್ ಪೈಪ್ ಕಳಚ್ಕೊಂಡಿತ್ತು, ಈಗ ಸಿಕ್ಕಿಸ್ದೆ," ಅವನಿಗೆ ಏದುಸಿರು. "ಗ್ಯಾಸಿನ ಸದ್ದು ಕೇಳಿ ಬಂದೆ. ನೀವು ಸಾಯ್ತಿದ್ರಿ, ಹಂಸ."

"ಸುಳ್ಳು. ನನಗೇನೂ ಆಗಿರ್ಲಿಲ್ಲ. ಸೋರಿದ್ರೆ ಅಲಾರಂ ಹೊಡ್ಕೋಬೇಕಿತ್ತಲ್ಲ? ಯಾಕೆ ಹೊಡ್ಕೊಳ್ಲಿಲ್ಲ?"

ಅವನೂ ಗೊಂದಲದಿಂದ ಒಳಕೋಣೆಯ ಕಡೆ ತಿರುಗಿ ನೋಡಿದ. ಜನ ಸೇರುವಷ್ಟರಲ್ಲಿ ತೆರೆದ ಬಾಗಿಲಿಂದ ಗಾಳಿ ಆಡಿ, ಕೋಣೆ ಎಂದಿನ ಕೋಣೆಯಾಗಿತ್ತು.

'ಕಾರಣ ಎಲ್ಲರ ಹತ್ರನೂ ಇರುತ್ತೆ...' ಅಮ್ಮನ ಮಾತು ಕಿವಿಯಲ್ಲಿ ಮೊಳಗಿತು. ಅಷ್ಟು ಖುಷಿಯಾಗಿದ್ದವಳು ಸಾಯುತ್ತಿದ್ದಳೆಂದರೆ ಯಾರು ನಂಬುತ್ತಾರೆ?

ವಿಚಾರಣೆ ಮುಗಿಯುವ ತನಕ ಸುಗತ ಬರುವುದು ಬೇಡ ಅಂದರು ಲ್ಯಾಬಿನ ಮುಖ್ಯಸ್ಥೆ ಸಾಲೇಹಾ ಮೇಡಂ. ಅವನು ತಲೆ ತಗ್ಗಿಸಿ ಹೊರಟ. ಹಂಸ ಮುಖ ತಿರುಗಿಸಿಕೊಂಡಳು.

* * *

ಕೆನ್ನೆಯ ಮೇಲೆ ಐದೂ ಬೆರಳು ಎದ್ದು ಕಾಣುತ್ತಿದ್ದವು.

"ಯಾರು?" ಮುನೀಂದ್ರ ಕೇಳಿದ.

"ಹಂಸ, ಹೆಸರು ಹೇಳ್ಬೇಡ," ಅಡುಗೆಮನೆಯಿಂದ ಅಮ್ಮನ ದನಿ ಬಂತು.

ಅಷ್ಟರಲ್ಲಿ ಹೇಳಿಯಾಗಿತ್ತು.

ಮಾರನೇ ಸಂಜೆ ಮುನೀಂದ್ರ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಬೆರಳ ಗೆಣ್ಣುಗಳು ಒಡೆದಿದ್ದವು.

"ಹಲಸೂರು ಕೆರೆ ಹತ್ರ ಗಾಡಿಯಿಂದ ಕೆಳಗೆ ಹಾಕ್ದೆ. ಅವನ ಹೆಲ್ಮೆಟ್ಟಲ್ಲೇ ಅವನಿಗೆ ಕೊಟ್ಟೆ. ನಮ್ ಹುಡುಗ್ರು ಬಲಗೈ ತುಳಿದ್ರು. ಆ ಕೈ ಇನ್ಯಾರ ಮೇಲೂ ಏಳಲ್ಲ ಬಿಡು." ಟವೆಲಿಗೆ ಕೈ ಒರೆಸಿಕೊಂಡ. "ಜಾತಿ ಕೇಳ್ದೆ. ಗೋಡೆ ಮೇಲೆ ಬುದ್ಧನ ಫೋಟೋ ಇಟ್ಕೊಂಡಿರೋ ಪೈಕಿ. ಗೊತ್ತಾದ್ಮೇಲೆ ಇನ್ನೆರಡು ಜಾಸ್ತಿ ಬಿತ್ತು."

ಹಂಸಳಿಗೆ ಏಟಿಗೆ ಏಟು ತಾನೇ ಬೇಕಾಗಿದ್ದದ್ದು? ಮತ್ತೆ ಯಾಕೆ ಕಣ್ಣ ಮುಂದೆ ಬರೀ ಕುರ್ಚಿಯ ಮೇಲಿನ ಆ ಕೋಟು ಬರುತ್ತಿದೆ?

* * *

ಮುಂದಿನ ವಾರ ಆ ತಟ್ಟೆಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪೆಟ್ಟಿಗೆಯದು ಹಸಿರಾಗಿ ಹೊಳೆಯಿತು. ಸರಿ, ಅದು ಹೊಳೆಯಲೇಬೇಕು.

ಮೇಜಿನ ಮೇಲಿದ್ದದ್ದನ್ನು ಇಟ್ಟಳು. ಅದು ಕಪ್ಪಗಿರಬೇಕಿತ್ತು.

ಅದೂ ಹಸಿರಾಗಿತ್ತು.

"ಮೇಡಂ, ತಟ್ಟೆ ಅದಲುಬದಲಾಗಿದೆ."

ಸಾಲೇಹಾ ಮೇಡಂ ಬಂದು ಗುರುತು ನೋಡಿದರು. ತಟ್ಟೆಯನ್ನು ತಿರುಗಿಸಿ ಮತ್ತೊಮ್ಮೆ ನೋಡಿದರು. ಕಣ್ಣಿಟ್ಟು ತುಂಬ ಹೊತ್ತು ನೋಡಿ, ಕುರ್ಚಿಯನ್ನು ನಿಧಾನ ಹಿಂದಕ್ಕೆ ಸರಿಸಿದರು.

"ಅದಲುಬದಲಾಗಿಲ್ಲ ಹಂಸ. ಮೇಜಿನ ಮೇಲಿದ್ದದ್ದೇ ಇದು. ಆ ಹೊತ್ತಲ್ಲಿ ಇದಕ್ಕೂ ಉಸಿರು ಸಿಕ್ಕಿಲ್ಲ." ಸ್ವಲ್ಪ ತಡೆದರು. "ಆ ಮೇಜಿನ ಪಕ್ಕ ಯಾರು ನಿಂತಿದ್ರು ಬೇಟಾ?"

ಹಂಸ ಎದ್ದು ಒಳಕೋಣೆಗೆ ಓಡಿದಳು. ಅಲ್ಲಿದ್ದದ್ದು ಒಂದೇ ಸಾಕೆಟ್ಟು. ಅದರಲ್ಲಿ ಹೊಗೆ ಪಂಪಿನ ಪ್ಲಗ್ಗು. ಅಲಾರಮ್ಮಿನ ವೈರು ಪಂಪಿನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಕೆಳಗೆ ನೇತಾಡುತ್ತಿತ್ತು. ಅಂದು ಬೆಳಗ್ಗೆ ಪಂಪು ಹಾಕಲು ಅದನ್ನು ಕಿತ್ತವಳು ತಾನೇ! ಆಮೇಲೆ ಹಾಕಿದರಾಯಿತು ಅಂದುಕೊಂಡದ್ದು ಈಗ ನೆನಪಾಯಿತು.

ಆ ವೈರನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಳು. ಹೊಡೆದು ಎಳೆದುಕೊಂಡು ಬಂದವನ ಹೆಸರನ್ನು ತಾನು ಯಾರ ಕೈಗೆ ಕೊಟ್ಟಳು...

* * *

ಹಲಸೂರಿನ ಮನೆಯ ಬಾಗಿಲು ತೆರೆದವರು ಸುಗತನ ಅಪ್ಪ ಅಂಜನಮೂರ್ತಿ. ಅವಳ ಹೆಗಲಾಚೆ ಬೀದಿ ನೋಡಿದರು.

"ಒಬ್ಳೇನಾ? ಹಿಂದೆ ಇನ್ಯಾರಾದ್ರೂ ಹೊಡೆಯೋರು ಬರ್ತಿದ್ದಾರಾ?"

ಹಂಸ ತಲೆಯೆತ್ತಲಿಲ್ಲ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸುಗತನ ಬಲಗೈ ಪೂರ್ತಿ ಪ್ಲಾಸ್ಟರು. ಒಂದು ಕಣ್ಣು ಮುಚ್ಚಿಕೊಂಡಿತ್ತು. ದವಡೆ ನೀಲಿಗಟ್ಟಿತ್ತು.

"ಮೇಜಿನ ಮೇಲಿದ್ದ ತಟ್ಟೆ ಹಸಿರು ಬಂತು," ಅಂದಳು.

ಯಂತ್ರದವನಿಗೆ ಅಷ್ಟು ಸಾಕಿತ್ತು.

"ಅಲಾರಂ ಕಿತ್ತಿದ್ದೂ ನಾನೇ. ನಿಮ್ಮ ಹೆಸರು ಕೊಟ್ಟಿದ್ದೂ ನಾನೇ."

"ಗೊತ್ತು. ನಿಮ್ಮಣ್ಣ ಹೇಳ್ಕೊಂಡೇ ಹೊಡೆದ್ರು." ಉಸಿರೆಳೆದುಕೊಂಡ. "ನೀವು ನಗ್ತಿದ್ರಿ, ಹಂಸ. ತುಟಿ ನೀಲಿ ಆಗಿತ್ತು, ಆದ್ರೂ ನಗ್ತಿದ್ರಿ. ಆಮ್ಲಜನಕ ಸಾಲ್ದಿದ್ರೆ ಮನುಷ್ಯ ಹಾಗೇ ನಗ್ತಾನೆ. ನನಗೆ ಇನ್ನೇನೂ ಹೊಳೀಲಿಲ್ಲ. ಯಾವತ್ತೂ ಯಾರಿಗೂ ಹೊಡೆದೋನಲ್ಲ ನಾನು. ಮೊದಲು ಹೊಡೆದಿದ್ದು ನನಗೆ ತುಂಬ ಬೇಕಾದವ್ರಿಗೆ."

ಹಂಸಳ ಕಣ್ಣು ತುಂಬಿ ಬಂತು. ಅಳಲಿಲ್ಲ. ಎದ್ದು ನಿಂತಳು.

"ಒಂದು ಹೆಸರು ಕೊಡೋದು ಬಾಕಿ ಇದೆ. ಕೊಟ್ಟು ಬರ್ತೀನಿ."

* * *

ಮನೆಗೆ ಬಂದಾಗ ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

"ಸ್ಟೇಷನ್ನಿಂದ ಬಂದೆ," ಹಂಸ ಅಣ್ಣನಿಗೆ ಹೇಳಿದಳು. "ಅವತ್ತು ನಿನಗೆ ಅವರ ಹೆಸರು ಕೊಟ್ಟೆ. ಇವತ್ತು ಅಲ್ಲಿ ನಿನ್ನ ಹೆಸರು ಕೊಟ್ಟೆ. ಅವರು ನನ್ನ ಜೀವ ಉಳಿಸಿದ್ದು. ಒಪ್ಪಿದ್ರೆ ಅವರನ್ನೇ ಮದುವೆ ಆಗ್ತೀನಿ."

"ಯಾರನ್ನ? ಆ ಮನೆಗಾ ಹೋಗ್ತೀಯಾ ನೀನು?"

ಮೊದಲ ಏಟಿಗೆ ತುಟಿ ಸೀಳಿತು. ಎರಡನೆಯದಕ್ಕೆ ಕಿವಿ ಗುಂಯ್ ಅಂದಿತು. ಕತ್ತು ಹಿಡಿದು ಗೋಡೆಗೆ ಒತ್ತಿದ. ಆ ಕೋಣೆಯಲ್ಲಿ ಸಾಯುತ್ತಿದ್ದಾಗ ಇರದಿದ್ದ ನೋವೆಲ್ಲ ಇಲ್ಲಿತ್ತು. ಎದೆ ಉರಿಯಿತು. ಗಾಳಿಗಾಗಿ ಅವಳು ಕಾಲು ಬಡಿದಳು, ಅವನ ಮುಖ ಪರಚಿದಳು. ಅವನ ಕಣ್ಣಲ್ಲಿ ಅಪ್ಪ ಇದ್ದ.

ಧಪ್ ಅಂತ ಸದ್ದಾಯಿತು. ಮುನೀಂದ್ರ ಚೀರಿ ಕೈ ಬಿಟ್ಟ. ಅವನ ಮಣಿಕಟ್ಟಿನ ಮೇಲೆ ಸುಡುಸುಡುವ ರಾಗಿ ಹಿಟ್ಟು ಮೆತ್ತಿತ್ತು. ಅಣ್ಣಮ್ಮ ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಮತ್ತೊಂದು ಹೆಗಲಿಗೆ ಬಿತ್ತು. ಇನ್ನೊಂದು ಮಂಡಿಗೆ.

"ಅಮ್ಮಾ, ನಿಂಗೇನ್ ಹುಚ್ಚು ಹಿಡೀತಾ?"

"ನಿಮ್ಮಪ್ಪನಿಗೆ ಕೊಡಬೇಕಾಗಿದ್ದು ಕಣೋ ಇದು. ಅವನು ತಪ್ಪಿಸ್ಕೊಂಡ. ಬಾಗಿಲು ಬಿಡು."

ಅವನು ಬಿಟ್ಟ.

"ನೀನೂ ಬಾರಮ್ಮ," ಹಂಸ ತುಟಿ ಒರೆಸಿಕೊಳ್ಳುತ್ತ ಕರೆದಳು.

ಅಣ್ಣಮ್ಮ ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಹುಡುಕಿದಳು. ಕೋಲನ್ನು ಮಾತ್ರ ಕೆಳಗಿಡಲಿಲ್ಲ. ಆಟೋದವನು ಅದನ್ನೇ ನೋಡುತ್ತ ಮೀಟರು ಹಾಕಿದ.

ಆ ರಾತ್ರಿ ತಾಯಿ ಮಗಳು ಜೀವನ್ ಬಿಮಾ ನಗರದಲ್ಲಿ ಸಾಲೇಹಾ ಮೇಡಂ ಮನೆಯಲ್ಲಿ ಮಲಗಿದರು. ಮುನೀಂದ್ರನ ಸೂರಿಗೆ ಮತ್ತೆ ಹೋಗಲಿಲ್ಲ.

* * *

ಪ್ಲಾಸ್ಟರು ಬಿಚ್ಚಿದ ಮೇಲೂ ಸುಗತನ ಬಲಗೈ ಪೂರ್ತಿ ಮಡಚಲು ಆಗುತ್ತಿರಲಿಲ್ಲ. ಕೇಸು ನಡೆಯುತ್ತಿತ್ತು. ಅವನು ಲ್ಯಾಬಿಗೆ ವಾಪಸು ಬಂದ. ಆದರೆ ಹಂಸ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಒಂದು ದಿನ ಒಳಕೋಣೆಯಲ್ಲಿ ಅವಳು ದಾರಿಗಡ್ಡ ನಿಂತಳು. ಗೋಡೆಯಲ್ಲೀಗ ಎರಡು ಸಾಕೆಟ್ಟು.

"ಯಾಕೆ ತಪ್ಪಿಸ್ಕೊಂಡು ಓಡಾಡ್ತೀರಾ?"

"ನಿಮ್ಮಮ್ಮ ಭಾಷೆ ತಗೊಂಡಿದ್ದು ನನಗೂ ಹೇಳಿದ್ದಾರೆ," ಅಂದ. "ಯಾರೇ ಆಗಿರ್ಲಿ ಅಂದಿದ್ರಂತೆ. ಕಾರಣ ಕೇಳ್ಬೇಡ ಅಂದಿದ್ರಂತೆ. ನಾನೂ ಹೊಡೆದೋನೇ ಅಲ್ವಾ, ಹಂಸ?"

"ಕಾರಣ ನಾನು ಕೇಳ್ಲಿಲ್ಲ. ತಟ್ಟೆ ಹೇಳ್ತು." ಅವಳು ಇನ್ನೂ ಹತ್ತಿರ ಬಂದಳು. "ಇನ್ನೊಂದ್ಸಲ ಇಲ್ಲಿ ಗ್ಯಾಸ್ ಸೋರಿ, ನಾನು ಮೇಜು ತಬ್ಬಿಕೊಂಡು ನಗ್ತಿದ್ರೆ ಏನ್ಮಾಡ್ತೀರಾ?"

ಅವನು ನೆಲ ನೋಡಿದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಹೊಡೀತೀನಿ."

"ಮಿಕ್ಕ ದಿನ?"

"ಮಿಕ್ಕ ದಿನ... ಪ್ಲಗ್ ನೋಡ್ತೀನಿ."

ಹಂಸ ನಕ್ಕಳು. ಈ ಸಲ ಕೋಣೆಯಲ್ಲಿ ಗಾಳಿ ಚೆನ್ನಾಗಿತ್ತು. ಮಡಚಲಾಗದ ಆ ಬಲಗೈಯನ್ನು ಮೆಲ್ಲಗೆ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಅಂದು ಐದು ಬೆರಳು ಮೂಡಿದ್ದ ಕೆನ್ನೆ ಅದು.

"ನೋಯುತ್ತಾ?" ಅಂದಳು.

"ನಿಮಗೆ?"

ರಿಜಿಸ್ಟರ್ ಮದುವೆಗೆ ಅಣ್ಣಮ್ಮ, ಅಂಜನಮೂರ್ತಿ, ಸಾಲೇಹಾ ಮೇಡಂ ಸಾಕ್ಷಿ ಹಾಕಿದರು. ಆ ರಾತ್ರಿ ಹಂಸ ಹಲಸೂರಿನಲ್ಲಿ, ಸುಗತನ ಸೂರಿನ ಕೆಳಗೆ ಮಲಗಿದಳು.

ಅಮ್ಮನಿಗೆ ಕೊಟ್ಟ ಭಾಷೆ ಮುರಿಯಿತು.